ಗುಲ್ಮಾರ್ಗದ ಪುಡಿ ಹಿಮದಲ್ಲಿ ಒಂದು ದಿನ

ಕಾಶ್ಮೀರವೆಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ದಾಲ್ ಸರೋವರದ ದೋಣಿಮನೆ, ಕೇಸರಿ, ಸೇಬು. ಇಲ್ಲವೇ ಯಾರದೋ ಮದುವೆಗೆಂದು ಕೊಂಡು, ಬೀರುವಿನಲ್ಲಿ ನುಸಿಗುಳಿಗೆ ಹಾಕಿ ಜೋಪಾನ ಮಾಡಿದ ಒಂದು ಶಾಲು. ಅಲ್ಲಿಗೆ ಹೋಗುವವರು ಬೇಸಿಗೆ ರಜೆಯಲ್ಲಿ ಹೋಗುತ್ತಾರೆ. ಫೆಬ್ರವರಿಯ ಚಳಿಯಲ್ಲಿ ಹೊರಟೆವೆಂದರೆ "ನಿಮಗೇನ್ರೀ ಬಂತು?" ಎಂದು ಪಕ್ಕದ ಮನೆಯವರು ಕೇಳದೆ ಬಿಡುವುದಿಲ್ಲ. ಆದರೆ ಸೋದರಿಯರೇ, ಗುಲ್ಮಾರ್ಗದ ನಿಜವಾದ ಸಡಗರ ಇರುವುದು ಆ ಚಳಿಯಲ್ಲೇ!

ಶ್ರೀನಗರದಿಂದ ಗುಲ್ಮಾರ್ಗಕ್ಕೆ ಸುಮಾರು 50 ಕಿಲೋಮೀಟರು. ಟಂಗ್‌ಮಾರ್ಗ್‌ವರೆಗೆ ದಾರಿ ಸಲೀಸು. ಅಲ್ಲಿಂದ ಮುಂದಿನ 13 ಕಿಲೋಮೀಟರು ಫರ್ ಮರಗಳ ನಡುವೆ ತಿರುವಿನ ಮೇಲೆ ತಿರುವು. ಹಿಮ ಬಿದ್ದ ದಿನ ಗಾಡಿಯ ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತದೆ ಹತ್ತುವ ಹಾಗಿಲ್ಲ. ಹತ್ತಿ ಬಂದರೆ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿ ಬಟ್ಟಲಿನಂಥ ಒಂದು ಬಯಲು. ಇದರ ಹಳೆಯ ಹೆಸರು ಗೌರಿಮಾರ್ಗವಂತೆ. ಹದಿನಾರನೆಯ ಶತಮಾನದ ಸುಲ್ತಾನ ಯೂಸುಫ್ ಶಾ ಚಕ್ ಇದನ್ನು ಹೂವಿನ ಬಯಲು ಎಂಬ ಅರ್ಥದ ಗುಲ್ಮಾರ್ಗ ಮಾಡಿದನೆಂದು ಹೇಳುತ್ತಾರೆ. ಚಳಿಗಾಲದಲ್ಲಿ ಹೂವಿಲ್ಲ. ನೆಲ, ಬೇಲಿ, ಸೂರು, ಮರ ಎಲ್ಲದರ ಮೇಲೂ ಅಕ್ಕಿಹಿಟ್ಟನ್ನು ಜರಡಿ ಹಿಡಿದು ಸುರಿದಂಥ ಬಿಳುಪು.

ನಮ್ಮ ಕಡೆ ಮಳೆಗೆ ಆರಿದ್ರೆ, ಪುಷ್ಯ, ಆಶ್ಲೇಷ ಎಂದು ಲೆಕ್ಕವಿರುವ ಹಾಗೆ ಅವರಲ್ಲಿ ಚಳಿಗೂ ಲೆಕ್ಕವಿದೆ. ಡಿಸೆಂಬರ್ 21ರಿಂದ ನಲವತ್ತು ದಿನ 'ಚಿಲ್ಲೈ ಕಲಾನ್', ಅಂದರೆ ದೊಡ್ಡ ಚಳಿ. ಆಮೇಲೆ ಇಪ್ಪತ್ತು ದಿನ 'ಚಿಲ್ಲೈ ಖುರ್ದ್', ಸಣ್ಣ ಚಳಿ. ಕೊನೆಯ ಹತ್ತು ದಿನ 'ಚಿಲ್ಲೈ ಬಚ್ಚಾ', ಮರಿಚಳಿ! ಈ ಹಿಮ ನಮ್ಮ ಮುಂಗಾರಿನ ಕೊಡುಗೆಯಲ್ಲ. ದೂರದ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ಗಾಳಿ-ಮೋಡಗಳು ಹಿಮಾಲಯಕ್ಕೆ ತಾಗಿ ಇಲ್ಲಿ ಸುರಿಯುತ್ತವೆ. ಕಾಶ್ಮೀರಿಯಲ್ಲಿ ಹಿಮಕ್ಕೆ 'ಶೀನ್' ಎಂದು ಹೆಸರು. ಮೊದಲ ಹಿಮ ಬಿದ್ದಾಗ ಒಬ್ಬರಿಗೊಬ್ಬರು "ಶೀನ್ ಮುಬಾರಕ್" ಎಂದು ಶುಭ ಕೋರುತ್ತಾರೆ. ಕೋರದೆ ಏನು ಮಾಡಿಯಾರು? ಬೇಸಿಗೆಯಲ್ಲಿ ಗದ್ದೆಗೂ ತೋಟಕ್ಕೂ ಹರಿಯುವ ನೀರು ಈ ಹಿಮವೇ ತಾನೆ! 2024ರ ಜನವರಿಯಲ್ಲಿ ವಾರಗಟ್ಟಲೆ ಹಿಮವೇ ಬೀಳದೆ ಗುಲ್ಮಾರ್ಗದ ಬಯಲು ಕಂದು ಬಣ್ಣಕ್ಕೆ ತಿರುಗಿದ್ದಾಗ ಅಲ್ಲಿಯವರಿಗೆ ದಿಗಿಲಾಗಿತ್ತು.

ಎರಡು ಹೋಳಿನ ಹಲಗೆ

ನಾನು ಅಲ್ಲಿಗೆ ಹೋದದ್ದು ತಂಗಿಯ ಮಗಳ ಜೊತೆಗೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಈ ಹುಡುಗಿಗೆ ಹಿಮದ ಹುಚ್ಚು. ವರ್ಷದ ರಜವನ್ನೆಲ್ಲ ಕೂಡಿಟ್ಟು, ಸಂಬಳದಲ್ಲಿ ಉಳಿಸಿ, ಫೆಬ್ರವರಿಯಲ್ಲಿ ಹತ್ತು ದಿನ ಗುಲ್ಮಾರ್ಗಕ್ಕೆ ಹೋಗುತ್ತಾಳೆ. ತಂಗಿಗೆ ಇದು ಎಳ್ಳಷ್ಟೂ ಸರಿಬರುವುದಿಲ್ಲ. "ನೀನಾದ್ರೂ ಜೊತೆಗೆ ಹೋಗಿ ನೋಡ್ಕೊಂಡು ಬಾ ಅಕ್ಕಾ. ಮದುವೆ ಆಗಬೇಕಾದ ಹುಡುಗಿ, ಕೈಕಾಲು ಮುರ್ಕೊಂಡ್ರೆ ಏನು ಗತಿ?" ಎಂದು ನನ್ನನ್ನು ಕಾವಲಿಗೆ ಅಟ್ಟಿದಳು.

ಅವಳ ಸಾಮಾನಿನಲ್ಲಿ ಆಳೆತ್ತರದ ಒಂದು ಹಲಗೆ ಇತ್ತು. ಹೆಸರು ಸ್ಪ್ಲಿಟ್‌ಬೋರ್ಡ್. ಇದರ ಹುಟ್ಟಿನ ಕಥೆ ನಿಮಗೆ ಹಿಡಿಸುತ್ತದೆ, ಕೇಳಿ. 1965ರ ಕ್ರಿಸ್ಮಸ್ ದಿನ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಷರ್ಮನ್ ಪಾಪೆನ್ ಎಂಬಾತ ತನ್ನ ಹೆಣ್ಣುಮಕ್ಕಳು ಆಡಲೆಂದು ಎರಡು ಸ್ಕೀ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿ ಒಂದು ಹಲಗೆ ಮಾಡಿಕೊಟ್ಟ. ಅದಕ್ಕೆ 'ಸ್ನರ್ಫರ್' ಎಂದು ಹೆಸರಿಟ್ಟವಳು ಅವನ ಹೆಂಡತಿ ನ್ಯಾನ್ಸಿ. ಮಕ್ಕಳ ಆಟಿಕೆಯಾಗಿ ಹುಟ್ಟಿದ ಆ ಹಲಗೆಯೇ ಬೆಳೆದು ಸ್ನೋಬೋರ್ಡ್ ಆಗಿ 1998ರಲ್ಲಿ ಜಪಾನಿನ ನಗಾನೊ ಒಲಿಂಪಿಕ್ಸ್ ಸೇರಿತು.

ಸ್ನೋಬೋರ್ಡಿನಲ್ಲಿ ಒಂದು ತೊಂದರೆ. ಎರಡು ಕಾಲನ್ನೂ ಒಂದೇ ಹಲಗೆಗೆ ಬಿಗಿದುಕೊಂಡರೆ ಇಳಿಯುವುದು ಸೊಗಸು, ಆದರೆ ಹತ್ತುವುದು ಹೇಗೆ? ಅದಕ್ಕೆಂದೇ ಹಲಗೆಯನ್ನು ಉದ್ದುದ್ದಕ್ಕೆ ಸೀಳಿದರು. 1990ರ ದಶಕದಲ್ಲಿ ಅಮೆರಿಕದ ಯೂಟಾ ಪ್ರಾಂತ್ಯದಲ್ಲಿ ಇದು ಮಾರಾಟಕ್ಕೆ ಬಂತು. "ಹತ್ತೋವಾಗ ಎರಡು, ಇಳಿಯೋವಾಗ ಒಂದು, ಅಷ್ಟೇ ದೊಡ್ಡಮ್ಮ" ಎಂದು ಹುಡುಗಿ ಕೊಂಡಿಗಳನ್ನು ಪಟಪಟನೆ ಬಿಚ್ಚಿ ತೋರಿಸಿದಳು.

ಹತ್ತುವಾಗ ಆ ಎರಡು ಹೋಳುಗಳ ತಳಕ್ಕೆ ಅಂಟಿನ ಪಟ್ಟಿಯೊಂದನ್ನು ಹಚ್ಚುತ್ತಾರೆ. ಮೊದಲು ಸೀಲ್ ಪ್ರಾಣಿಯ ಚರ್ಮದಿಂದ ಮಾಡುತ್ತಿದ್ದರಂತೆ. ಈಗ ಅಂಗೋರಾ ಮೇಕೆಯ ಕೂದಲು ಇಲ್ಲವೇ ನೈಲಾನು. ಬೆಕ್ಕಿನ ಬೆನ್ನು ಸವರಿದ್ದೀರಲ್ಲ? ತಲೆಯಿಂದ ಬಾಲದತ್ತ ಸವರಿದರೆ ನುಣುಪು, ಹಿಂದಕ್ಕೆ ಸವರಿದರೆ ಕೂದಲು ಎದುರು ನಿಲ್ಲುತ್ತದೆ. ಇದೂ ಹಾಗೆಯೇ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರಗೊಡುವುದಿಲ್ಲ.

ಹೊಸ ಹಿಮದ ಬೆಳಗು

ಎರಡು ದಿನ ಬಿಡದೆ ಹಿಮ ಸುರಿದು ಮೂರನೆಯ ಬೆಳಗ್ಗೆ ಆಕಾಶ ಶುಭ್ರವಾಯಿತು. ಸೊಂಟದೆತ್ತರದ ಬೇಲಿ ಎಲ್ಲಿತ್ತೆಂಬುದೇ ಕಾಣದು! ಒಂದು ಹಿಡಿ ತೆಗೆದು ಊದಿದೆ, ಗೋಧಿಹಿಟ್ಟಿನಂತೆ ಹಾರಿಹೋಯಿತು. ಸಾಮಾನ್ಯವಾಗಿ ಹತ್ತು ಅಂಗುಲ ಹಿಮ ಕರಗಿದರೆ ಸಿಗುವುದು ಒಂದು ಅಂಗುಲ ನೀರು. ಪುಡಿ ಹಿಮವಾದರೆ ಅಷ್ಟೂ ಸಿಗದು, ಮಿಕ್ಕದ್ದೆಲ್ಲ ಗಾಳಿ. ಈ ಪುಡಿಯ ಮೇಲೆ ಹಲಗೆ ತೇಲುತ್ತದೆ ಎನ್ನುತ್ತಾರೆ. ಇದಕ್ಕಾಗಿಯೇ ದೇಶವಿದೇಶಗಳಿಂದ ಜನ ಬರುವುದು.

ನಮ್ಮ ಹುಡುಗಿ, ಅವಳ ಇಬ್ಬರು ಗೆಳತಿಯರು, ಟಂಗ್‌ಮಾರ್ಗ್‌ನವರೇ ಆದ ಒಬ್ಬ ಗೈಡ್ ಹೀಗೆ ನಾಲ್ವರು ಆರೂವರೆಗೇ ಹೊರಟರು. ಹೊರಡುವ ಮುನ್ನ ಗೈಡ್ ಒಬ್ಬೊಬ್ಬರ ಎದೆಗೂ ಕಟ್ಟಿದ್ದ ಸಣ್ಣ ಯಂತ್ರವನ್ನು ಪರೀಕ್ಷಿಸಿದರು. ಬೀಕನ್ ಎನ್ನುವ ಇದು ಸದಾ ರೇಡಿಯೋ ಸಂಕೇತ ಕಳಿಸುತ್ತಿರುತ್ತದೆ. ಯಾರಾದರೂ ಹಿಮದಡಿ ಸಿಕ್ಕರೆ ಉಳಿದವರು ಅದೇ ಯಂತ್ರವನ್ನು ಹುಡುಕುವ ಕಡೆಗೆ ತಿರುಗಿಸಿ ಜಾಗ ಪತ್ತೆ ಮಾಡಬೇಕು. ಪ್ರತಿಯೊಬ್ಬರ ಚೀಲದಲ್ಲೂ ಮಡಚುವ ಉದ್ದ ಸಲಾಕೆ, ಪುಟ್ಟ ಗುದ್ದಲಿ. "ಬುತ್ತಿ ಮರೆತರೂ ನಡೀತದೆ, ಇವು ಮೂರೂ ಮರೆಯೋ ಹಾಗಿಲ್ಲ" ಎಂದಳು ಹುಡುಗಿ. ಬುತ್ತಿಯೂ ಇತ್ತೆನ್ನಿ: ಅಲ್ಲಿನ ರೊಟ್ಟಿ, ಒಣ ಹಣ್ಣು, ಫ್ಲಾಸ್ಕಿನಲ್ಲಿ ಬಿಸಿ ಕಹ್ವಾ.

ನಾನು ಗೊಂಡೊಲಾ ಎಂಬ ತಂತಿಗಾಡಿಯಲ್ಲಿ ಕುಳಿತು ಕೊಂಗ್‌ಡೋರಿ ನಿಲ್ದಾಣಕ್ಕೆ ಹೋದೆ. ಎತ್ತರ ಸುಮಾರು 3,080 ಮೀಟರು. ಇದರ ಎರಡನೆಯ ಹಂತ ಅಫರ್ವತ್ ಬೆಟ್ಟದ ಹೆಗಲಿನವರೆಗೆ, ಹತ್ತಿರ ಹತ್ತಿರ 3,950 ಮೀಟರಿಗೆ ಏರುತ್ತದೆ. ಆ ದಿನ ಎರಡನೆಯ ಹಂತ ಮುಚ್ಚಿತ್ತು. ಸ್ವಚ್ಛ ಬೆಳಗಾದ್ದರಿಂದ ಉತ್ತರದಲ್ಲಿ ದೂರಕ್ಕೆ 8,126 ಮೀಟರಿನ ನಂಗಾ ಪರ್ಬತ್ ಬೆಳ್ಳಿಯ ಗೋಪುರದಂತೆ ಕಂಡಿತು. ಕಾಲಿಗೆ ಮೊರದಂಥ ಅಗಲ ಪಾದುಕೆ ಕಟ್ಟಿಕೊಂಡು, ಊರಿನ ಹುಡುಗನೊಬ್ಬನ ಕೈ ಹಿಡಿದು, ಅರ್ಧ ಗಂಟೆ ಏದುಸಿರು ಬಿಡುತ್ತ ಖಿಲನ್‌ಮಾರ್ಗದ ಅಂಚಿಗೆ ನಡೆದೆ. ಕೆಳಗಿನ ಫರ್ ಕಾಡಿನಿಂದ ನಾಲ್ಕು ಚುಕ್ಕೆಗಳು ಹಾವು ಹರಿದಂತೆ ಅಂಕುಡೊಂಕಾಗಿ ಮೇಲೇರಿ ಬರುತ್ತಿದ್ದವು. ಮುಂದಿರುವವರು ಹಿಮ ತುಳಿದು ದಾರಿ ಮಾಡಬೇಕು, ಹಿಂದಿರುವವರಿಗೆ ಸುಲಭ. ಅದಕ್ಕೇ ಸರದಿಯ ಮೇಲೆ ಮುಂದಾಗುತ್ತಾರೆ. ಮೂರು ಗಂಟೆ ಹತ್ತಿದ ಹುಡುಗಿಯ ಮುಖ ಕೆಂಡದಂತಾಗಿತ್ತು, ಹುಬ್ಬಿನಲ್ಲಿ ಹಿಮದ ಹರಳು.

ಉಂಡೆ ಕಟ್ಟದ ಹಿಮ

ಅವರ ತಲೆಯ ಮೇಲೆ ಭೂರ್ಜವೃಕ್ಷಗಳ ಒಂದು ಸಾಲು. ಹೌದು, ಪೂರ್ವಕಾಲದಲ್ಲಿ ಗ್ರಂಥ ಬರೆಯುತ್ತಿದ್ದ ಭೂರ್ಜಪತ್ರದ ಮರವೇ. ಅದರಾಚೆ ಒಂದು ಬೋಳು ಇಳಿಜಾರು. ಒಂದು ಗೀರಿಲ್ಲ, ಒಂದು ಹೆಜ್ಜೆ ಗುರುತಿಲ್ಲ. ಒಗೆದು ಇಸ್ತ್ರಿ ಮಾಡಿ ಹಾಸಿದ ಬಿಳಿ ಪಂಚೆಯಂತೆ! ವರ್ಷವಿಡೀ ನಮ್ಮ ಹುಡುಗಿ ಕನಸು ಕಂಡದ್ದು ಇಂಥದ್ದನ್ನೇ. ಮರುದಿನ ಅವಳ ವಿಮಾನ. ಆದ್ದರಿಂದ ಇವತ್ತು ಇಲ್ಲವೆಂದರೆ ಇನ್ನು ಮುಂದಿನ ವರ್ಷ.

ಗೈಡ್ ಅವಸರ ಮಾಡಲಿಲ್ಲ. ಮೇಲಿನ ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿತ್ತೋ ಅದೇ ದಿಕ್ಕಿನ ಒಂದು ಸಣ್ಣ ದಿಬ್ಬ ಹುಡುಕಿ ಎದೆಯಾಳದ ಗುಂಡಿ ತೋಡಿದರು. ಗುಂಡಿಯ ಗೋಡೆಯಲ್ಲಿ ಆ ಚಳಿಗಾಲದ ಚರಿತ್ರೆಯೇ ಪದರ ಪದರವಾಗಿ ಕಂಡಿತು. ಮೇಲೆ ಎರಡು ದಿನದ ಹೊಸ ಹಿಮ. ಅದರಡಿಯ ಪದರದಿಂದ ಒಂದು ಹಿಡಿ ತೆಗೆದು ನನ್ನ ಅಂಗೈಗಿಟ್ಟು "ಉಂಡೆ ಮಾಡಿ ನೋಡಿ" ಎಂದರು. ಎಷ್ಟು ಅದುಮಿದರೂ ಉಂಡೆ ಕಟ್ಟಲೊಲ್ಲದು! ದಪ್ಪ ಸಕ್ಕರೆಯ ಹಾಗೆ ಬೆರಳ ಸಂದಿನಿಂದ ಸುರಿದುಹೋಯಿತು. ಜಿಡ್ಡು ಸಾಲದ ರವೆಯಲ್ಲಿ ಉಂಡೆ ಕಟ್ಟಲು ಹೋದವರಿಗೆ ಇದು ಗೊತ್ತು.

ಹೀಗೇಕೆ ಆಗುತ್ತದೆ? ಹಿಮ ತೆಳುವಾಗಿದ್ದು, ಮೋಡವಿಲ್ಲದ ಕೊರೆಯುವ ರಾತ್ರಿಗಳು ಸಾಲಾಗಿ ಬಂದರೆ ಕೆಳಗಿನ ನೆಲ ಬೆಚ್ಚಗೆ, ಮೇಲ್ಮೈ ತಣ್ಣಗೆ. ಆಗ ಹಿಮದೊಳಗಿನ ಆವಿ ಮೇಲೇರುತ್ತ ಕಣಗಳನ್ನು ಒಂದಕ್ಕೊಂದು ಅಂಟದ ಹರಳುಗಳನ್ನಾಗಿ ಮಾಡಿಬಿಡುತ್ತದೆ. ಇದರ ಮೇಲೆ ಭಾರವಾಗಿ ಹೊಸ ಹಿಮ ಬಿದ್ದರೆ, ಸಕ್ಕರೆ ಚೆಲ್ಲಿದ ಓರೆಹಲಗೆಯ ಮೇಲೆ ಗೋಧಿಮೂಟೆ ಇಟ್ಟಂತೆ. ಒಬ್ಬ ಮನುಷ್ಯನ ತೂಕ ಸಾಕು, ಇಡೀ ಇಳಿಜಾರು ಜಾರಿ ಬರುತ್ತದೆ. ಅದೇ ಹಿಮಕುಸಿತ.

ಕಣ್ಣಿನ ಅಂದಾಜನ್ನು ನಂಬದೆ ಪರೀಕ್ಷೆಯನ್ನೂ ಮಾಡಿದರು. ಒಂದೊಂದು ಬದಿ 30 ಸೆಂಟಿಮೀಟರಿನ ಒಂದು ಕಂಬವನ್ನು ಹಿಮದಲ್ಲೇ ಕೊರೆದು, ಮೇಲೆ ಗುದ್ದಲಿಯ ಅಲಗಿಟ್ಟು ತಟ್ಟುವುದು. ಹತ್ತು ಪೆಟ್ಟು ಮಣಿಕಟ್ಟಿನಿಂದ, ಹತ್ತು ಮೊಣಕೈಯಿಂದ, ಹತ್ತು ಭುಜದಿಂದ. ಹದಿಮೂರನೆಯ ಪೆಟ್ಟಿಗೆ ಮೇಲಿನ ಹೊಸ ಹಿಮವೆಲ್ಲ ಬರ್ಫಿಯ ತುಂಡಿನ ಹಾಗೆ ಕತ್ತರಿಸಿಕೊಂಡು ಗುಂಡಿಯೊಳಕ್ಕೆ ಜಾರಿತು. ಯಾರೂ ಮಾತಾಡಲಿಲ್ಲ.

ಹಿಮಕುಸಿತಕ್ಕೆ ಹೆಚ್ಚು ತಕ್ಕದ್ದು 30ರಿಂದ 45 ಡಿಗ್ರಿಯ ಇಳಿಜಾರು. ಜಾರಲು ಹೆಚ್ಚು ಮೋಜೆನಿಸುವುದೂ ಅದೇ ಇಳಿಜಾರು! ಹೊಸ ಹಿಮ ಬಿದ್ದ ಮೊದಲ ಒಂದೆರಡು ದಿನಗಳೇ ಹೆಚ್ಚು ಅಪಾಯದವು, ಹಿಮ ಸೊಗಸಾಗಿರುವುದೂ ಆ ದಿನಗಳಲ್ಲೇ. ಸಿಕ್ಕಿಬಿದ್ದವರನ್ನು ಮೊದಲ ಹತ್ತು-ಹದಿನೈದು ನಿಮಿಷಗಳೊಳಗೆ ತೋಡಿ ತೆಗೆದರೆ ಬದುಕುವವರು ಬಹಳ. ಆಮೇಲೆ ಒಂದೊಂದು ನಿಮಿಷಕ್ಕೂ ಆಸೆ ಕುಗ್ಗುತ್ತದೆ. ಪಟ್ಟಣದಿಂದ ನೆರವು ಬರುವಷ್ಟು ಹೊತ್ತಿರುವುದಿಲ್ಲ, ಜೊತೆಯಲ್ಲಿದ್ದವರೇ ತೋಡಬೇಕು. ಈ ಅಫರ್ವತ್‌ನಲ್ಲೇ 2023ರ ಫೆಬ್ರವರಿ 1ರಂದು ಪೋಲೆಂಡಿನ ಇಬ್ಬರು ಸ್ಕೀಗಾರರು ಸತ್ತರು. 2024ರ ಫೆಬ್ರವರಿ 22ರಂದು ಖಿಲನ್‌ಮಾರ್ಗದ ಹತ್ತಿರ ರಷ್ಯದ ಒಬ್ಬರು ಹೋದರು.

ಹಿಮ ಏನು ಮಾಡಬಲ್ಲುದೆಂದು ನಮ್ಮ ನಾಡಿಗೂ ಗೊತ್ತು. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಯಾರು ಮರೆತಾರು? 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಸೈನಿಕರು ಹಿಮದಡಿ ಸಿಕ್ಕಿದರು. ದಿನಗಟ್ಟಲೆ ತೋಡಿದ ಮೇಲೆ ಅವರೊಬ್ಬರೇ ಜೀವಂತ ಸಿಕ್ಕಾಗ ಮನೆಮನೆಯಲ್ಲೂ ದೀಪ ಹಚ್ಚಿದೆವು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು. ಅವರು ಅಲ್ಲಿದ್ದುದು ಕರ್ತವ್ಯಕ್ಕಾಗಿ. ಸಂತೋಷಕ್ಕಾಗಿ ಹೋಗುವವರಿಗಾದರೋ ಹಿಂದಿರುಗುವ ಸ್ವಾತಂತ್ರ್ಯವಿದೆ. ಆ ಸ್ವಾತಂತ್ರ್ಯವನ್ನು ಬಳಸಬೇಕು ಅಷ್ಟೆ.

"ಒಬ್ಬರು ಬೇಡ ಅಂದ್ರೂ ಬೇಡ"

ಗೈಡ್ ತಮ್ಮ ತೀರ್ಮಾನ ಹೇಳುವ ಮೊದಲು ಮೂವರನ್ನೂ ಒಬ್ಬೊಬ್ಬರಾಗಿ ಕೇಳಿದರು. "ಒಬ್ಬರು ಬೇಡ ಅಂದ್ರೂ ಬೇಡ. ಕಾರಣ ಕೊಡಬೇಕಾಗಿಲ್ಲ" ಎಂಬುದು ಬೆಳಗ್ಗೆಯೇ ಆದ ಒಪ್ಪಂದ. ಅಷ್ಟರಲ್ಲಿ ಬೇರೊಂದು ತಂಡದವರು ಆ ಬಿಳಿ ಇಳಿಜಾರಿನ ಮೇಲ್ತುದಿಯಲ್ಲಿ ಕಾಣಿಸಿಕೊಂಡರು. ಸರ್ರನೆ ಒಬ್ಬನಿಳಿದ, ಇನ್ನೊಬ್ಬನಿಳಿದ. ಹಿಮ ಕಾರಂಜಿಯ ಹಾಗೆ ಚಿಮ್ಮಿತು. ಏನೂ ಆಗಲಿಲ್ಲ! ಗೆಳತಿಯೊಬ್ಬಳು "ನೋಡು, ಅವರು ಹೋದ್ರಲ್ಲ!" ಎಂದಳು. ನಾನು ನಮ್ಮ ಹುಡುಗಿಯ ಮುಖವನ್ನೇ ನೋಡುತ್ತಿದ್ದೆ. ಒಂದು ನಿಮಿಷ ಮೇಲೆ ನೋಡಿದಳು, ಕೈಗವಸು ಸರಿಮಾಡಿಕೊಂಡಳು. "ನಾನು ಬರಲ್ಲ" ಅಂದಳು. ಅಷ್ಟೆ, ಮಾತು ಮುಗಿಯಿತು.

ಹಾಗೆಂದು ಸಪ್ಪೆ ಮೋರೆ ಹಾಕಿ ಮರಳಲಿಲ್ಲ. ಓರೆ ಕಡಿಮೆ ಇರುವ, ಮರಗಳಿರುವ ಕಡೆ ಇಳಿಯುವುದೆಂದಾಯಿತು. ಅಲ್ಲಿಯೂ ಎಚ್ಚರ ಬೇಕು. ಫರ್ ಮರದ ಬುಡದ ಸುತ್ತ ಸಡಿಲ ಹಿಮದ ಗುಂಡಿಯಿರುತ್ತದೆ, ತಲೆಕೆಳಗಾಗಿ ಬಿದ್ದರೆ ಒಬ್ಬರೇ ಏಳುವುದು ಕಷ್ಟ. ಅದಕ್ಕೇ ಇಬ್ಬಿಬ್ಬರಾಗಿ, ಒಬ್ಬರನ್ನೊಬ್ಬರು ಕೂಗಿಕೊಳ್ಳುತ್ತ ಇಳಿಯಬೇಕು. ಪಟ್ಟಿಗಳನ್ನು ಪರ್ರೆಂದು ಕಿತ್ತು ಸುತ್ತಿ, ಎರಡು ಹೋಳನ್ನು ಜೋಡಿಸಿ, ಕಾಲು ಬಿಗಿದು ನಮ್ಮ ಹುಡುಗಿ ಹೊರಟಳು. ಆ ನೋಟವನ್ನು ಹೇಗೆ ಹೇಳಲಿ? ಸದ್ದೇ ಇಲ್ಲ. ಮೊಸರಿನಲ್ಲಿ ಚಮಚೆ ಎಳೆದಂತೆ ಮರಗಳ ನಡುವೆ ಒಂದು ಬಾಗು, ಇನ್ನೊಂದು ಬಾಗು. ಹಿಂದೆ ಬಿಳಿ ಧೂಳು. ಕೊನೆಗೆ ಕಾಡಿನೊಳಗಿಂದ ಒಂದು ಕೇಕೆ! ಮೂರು ಗಂಟೆ ಹತ್ತಿದ್ದಕ್ಕೆ ಸಿಕ್ಕ ಇಳಿತ ಹತ್ತೇ ನಿಮಿಷ. ದಿನವೆಲ್ಲ ಬೇಯಿಸಿದ ಹಬ್ಬದೂಟ ಅರ್ಧ ಗಂಟೆಯಲ್ಲಿ ಮುಗಿಯುವುದಿಲ್ಲವೇ, ಹಾಗೆ. ಮತ್ತೆ ಪಟ್ಟಿ ಅಂಟಿಸಿ ಇನ್ನೊಂದು ಸಲ ಹತ್ತಿದರು.

ಸಂಜೆ ಕೋಣೆಯಲ್ಲಿ ಫೆರನ್ ತೊಟ್ಟು, ಅದರೊಳಗೆ ಕೆಂಡದ ಕಾಂಗ್ಡಿ ಇಟ್ಟುಕೊಂಡು ಕುಳಿತಾಗ ಕೇಳಿದೆ: "ಅವರು ಇಳಿದರಲ್ಲ, ಜಾರಲಿಲ್ಲವಲ್ಲ. ಬಿಟ್ಟುಬಂದದ್ದಕ್ಕೆ ಹೊಟ್ಟೆ ಉರಿಯಲ್ವೇನೇ?" ಅವಳು ನಕ್ಕಳು. "ಉರೀತದೆ ದೊಡ್ಡಮ್ಮ, ಉರೀದೆ ಏನು? ಆದ್ರೆ ಜಾರಲಿಲ್ಲ ಅಂದ ಮಾತ್ರಕ್ಕೆ ಅದು ಗಟ್ಟಿ ಇತ್ತು ಅಂತಲ್ಲ. ಅವರ ಅದೃಷ್ಟ ನೋಡಿ ನಾನು ಹೋಗೋಕಾಗುತ್ತಾ?" ಕಾವಲಿಗೆಂದು ಬಂದ ನನಗೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಚಳಿಗೊಂದು ಕಹ್ವಾ

ಆ ಹೊತ್ತಿಗೆ ಹೋಟೆಲಿನವರು ಕೊಟ್ಟ ಕಹ್ವಾ ಮನೆಯಲ್ಲೂ ಮಾಡಬಹುದು. ನಾಲ್ಕು ಬಟ್ಟಲು ನೀರಿಗೆ ಎರಡು ಜಜ್ಜಿದ ಏಲಕ್ಕಿ, ಬೆರಳುದ್ದ ದಾಲ್ಚಿನ್ನಿ, ಏಳೆಂಟು ಎಸಳು ಕೇಸರಿ ಹಾಕಿ ಐದು ನಿಮಿಷ ಕುದಿಸಿ. ಉರಿ ಆರಿಸಿ ಒಂದೂವರೆ ಚಮಚೆ ಹಸಿರು ಚಹಾ ಎಲೆ ಹಾಕಿ ಎರಡು ನಿಮಿಷ ಮುಚ್ಚಿಡಿ. ಹೆಚ್ಚು ಹೊತ್ತು ಬಿಟ್ಟರೆ ಕಹಿ. ಸೋಸಿ, ಸಕ್ಕರೆ ಬೆರೆಸಿ, ಸೀಳಿದ ಬಾದಾಮಿ ಉದುರಿಸಿ. ಹಾಲು ಬೇಡ. ಊಟಕ್ಕೆ ಬಂದದ್ದು ಬೇಸಿಗೆಯಲ್ಲಿ ಒಣಗಿಸಿಟ್ಟ ಬದನೆ, ಸೋರೆಕಾಯಿಯ ಪಲ್ಯ. ನಾವು ಮಳೆಗಾಲಕ್ಕೆಂದು ಬಾಳಕ, ಸಂಡಿಗೆ ಒಣಗಿಸಿದಂತೆ ಅವರು ಹಿಮದ ತಿಂಗಳುಗಳಿಗೆಂದು ತರಕಾರಿಯನ್ನೇ ಒಣಗಿಸುತ್ತಾರೆ. ಅದಕ್ಕೆ 'ಹೋಖ್ ಸ್ಯೂನ್' ಎಂದು ಹೆಸರು.

ಮಗಳು ಹೊರಟರೆ ಏನು ಕೇಳಬೇಕು?

ಇದೆಲ್ಲ ನಮಗೇಕೆ ಎನ್ನಬೇಡಿ. ಗುಲ್ಮಾರ್ಗದಲ್ಲಿ 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯುತ್ತಿದೆ. ಹಿಮವೇ ಬೀಳದ ಕೊಡಗಿನ ಹೆಣ್ಣುಮಗಳು ಭವಾನಿ ತೆಕ್ಕಡ ನಂಜುಂಡ ಅಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದಿದ್ದಾರೆ. ಜೆಕ್ ದೇಶದ ಎಸ್ತರ್ ಲೆಡೆಕಾ 2018ರ ಒಲಿಂಪಿಕ್ಸ್‌ನಲ್ಲಿ ಸ್ಕೀ, ಸ್ನೋಬೋರ್ಡ್ ಎರಡರಲ್ಲೂ ಚಿನ್ನ ಪಡೆದಳು. ನಾಳೆ ನಿಮ್ಮ ಮಗಳೋ ಸೊಸೆಯೋ "ಹಿಮಕ್ಕೆ ಹೋಗ್ತೀನಿ" ಎಂದು ಬರಬಹುದು. "ಬೇಡ" ಎಂದರೆ ಹೇಳದೆ ಹೋಗುತ್ತಾರೆ. ಅದರ ಬದಲು ಇಷ್ಟು ಕೇಳಿ:

ಬೀಕನ್, ಸಲಾಕೆ, ಗುದ್ದಲಿ ಪ್ರತಿಯೊಬ್ಬರ ಹತ್ತಿರವೂ ಇದೆಯೇ? ಅವನ್ನು ಬಳಸುವ ಅಭ್ಯಾಸ ಎಲ್ಲರಿಗೂ ಆಗಿದೆಯೇ? ಗೈಡ್ ಆ ಬೆಟ್ಟ ಬಲ್ಲವರೇ? ಜಮ್ಮು-ಕಾಶ್ಮೀರದ ವಿಪತ್ತು ನಿರ್ವಹಣಾ ಪ್ರಾಧಿಕಾರ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ, ಅದನ್ನು ನೋಡಿದ್ದೀರಾ? ಎಷ್ಟು ಗಂಟೆಗೆ ಮರಳುತ್ತೀರಿ, ಮರಳದಿದ್ದರೆ ಯಾರಿಗೆ ಫೋನ್ ಮಾಡಲಿ? ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ನಿಮ್ಮ ಗುಂಪಿನಲ್ಲಿ ತೀರ ಹೊಸಬಳು "ಬೇಡ" ಎಂದರೆ ಉಳಿದವರು ಕೇಳುತ್ತಾರೆಯೇ?

ಇದಕ್ಕೆ ತಡವರಿಸದೆ "ಕೇಳ್ತಾರೆ" ಎಂದರೆ ಉಣ್ಣೆಯ ಕಾಲುಚೀಲ ಎರಡು ಜೊತೆ ಹೆಚ್ಚಿಗೆ ಇಟ್ಟು ಕಳಿಸಿಕೊಡಿ.

ನೀವೇ ಹೋಗುವುದಾದರೆ ಜನವರಿ ಕೊನೆಯಿಂದ ಫೆಬ್ರವರಿ ತುದಿಯವರೆಗೆ ಒಳ್ಳೆಯ ಕಾಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ನಡೆದ ಹತ್ಯೆಗಳಲ್ಲಿ ನಮ್ಮ ಕರ್ನಾಟಕದವರೂ ಪ್ರಾಣ ಕಳೆದುಕೊಂಡದ್ದು ನಿಮ್ಮ ಮನಸ್ಸಿನಲ್ಲಿದ್ದೇ ಇರುತ್ತದೆ. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲು ಸರ್ಕಾರದ ಸೂಚನೆ ವಿಚಾರಿಸಿ. ರಾತ್ರಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಇಳಿಯುವುದುಂಟು. ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಉಣ್ಣೆಬಟ್ಟೆ ಮೇಲು. ಬಿಸಿಲಿಗೆ ಹಿಮ ಹೊಳೆದು ಕಣ್ಣು ಉರಿಯುತ್ತದೆ, ಕಪ್ಪು ಕನ್ನಡಕ ಮರೆಯಬೇಡಿ. ಸೀರೆಯುಟ್ಟು ಹಿಮದಲ್ಲಿ ನಡೆಯಲಾಗದು. ಶ್ರೀನಗರದಲ್ಲೋ ಟಂಗ್‌ಮಾರ್ಗ್‌ನಲ್ಲೋ ಬೂಟು, ಕೋಟು ಬಾಡಿಗೆಗೆ ಸಿಗುತ್ತವೆ, ಚೌಕಾಸಿ ಮಾಡಿ.